ಹಲಸೂರಿನಿಂದ ಹಿಮದ ಇಳಿಜಾರಿಗೆ

ಬೆಂಗಳೂರಿನ ದಂಡುಪ್ರದೇಶದಲ್ಲಿ ವಾಸಮಾಡುವವರಿಗೆ ಹಿಮವೆಂಬುದು ಕಿವಿಯಿಂದ ಕೇಳಿದ ಪದಾರ್ಥವೇ ಹೊರತು ಕಣ್ಣಿನಿಂದ ಕಂಡದ್ದಲ್ಲ. ಈ ಊರಿನಲ್ಲಿ ಚಳಿಯನ್ನು ಅಳೆದು ಬರೆದಿಡಲು ತೊಡಗಿದಂದಿನಿಂದ ಅತ್ಯಂತ ಶೀತಲವಾದ ದಿನವೆಂದು ದಾಖಲೆಯಾಗಿರುವುದು 1884ನೆಯ ಇಸವಿಯ ಜನವರಿ 13. ಆ ದಿನವೂ ಉಷ್ಣತೆಯು 7.8 ಡಿಗ್ರಿಗಿಂತ ಕೆಳಗೆ ಇಳಿಯಲಿಲ್ಲ. ಶಿವಾಜಿನಗರದ ರಸಲ್ ಮಾರುಕಟ್ಟೆಯಲ್ಲಿ ಮೀನಿನ ಕೆಳಗೆ ಹರಡಿದ ಮಂಜುಗಡ್ಡೆಯ ಚೂರುಗಳೇ ನಮ್ಮ ಪಾಲಿನ ಹಿಮಾಲಯ. ಹೀಗಿರಲು, ಹಲಗೆಯೊಂದನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ವಿನೋದಕ್ಕೂ ಹಲಸೂರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು, ಅದು ಸಾಕಷ್ಟು ಹಳೆಯದೂ ಹೌದು.

ಹಲಸೂರು ಕೆರೆಯ ಆಸುಪಾಸಿನಲ್ಲಿ ಓಡಾಡಿದವರೆಲ್ಲ ಮದ್ರಾಸ್ ಸ್ಯಾಪರ್ಸ್ ಎಂಬ ಪಡೆಯ ಆವರಣದ ಗೋಡೆಯನ್ನು ನೋಡಿಯೇ ಇರುತ್ತಾರೆ. ದಾರಿ ಕಡಿಯುವುದು, ಸೇತುವೆ ಕಟ್ಟುವುದು ಇವೇ ಮೊದಲಾದ ಕೆಲಸಗಳಿಗಾಗಿ 1780ರಲ್ಲಿ ಹುಟ್ಟಿದ ಪಡೆಯಿದು. 1948ರಲ್ಲಿ ಕಾಶ್ಮೀರದ ಯುದ್ಧವು ನಡೆಯುತ್ತಿದ್ದಾಗ, ಸುಮಾರು 3,500 ಮೀಟರು ಎತ್ತರದ ಜೋಜಿ ಲಾ ಕಣಿವೆಯು ಶತ್ರುವಿನ ಕೈಯಲ್ಲಿತ್ತು. ಹೇಸರಗತ್ತೆಗಳು ಮಾತ್ರ ನಡೆಯಬಹುದಾಗಿದ್ದ ಕಾಲುದಾರಿಯನ್ನು ಟ್ಯಾಂಕುಗಳು ಏರುವಂತೆ ಅಗಲಮಾಡಿಕೊಟ್ಟವರು ಈ ಸ್ಯಾಪರುಗಳೇ. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ಅಷ್ಟು ಎತ್ತರಕ್ಕೆ ಟ್ಯಾಂಕು ಬಂದೀತೆಂದು ಶತ್ರುವು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆ ಸಾಹಸದ ನಾಯಕರಾಗಿದ್ದವರು ನಮ್ಮ ಕೊಡಗಿನ ಕೊಡಂದೇರ ತಿಮ್ಮಯ್ಯನವರು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ದಂಡಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದ ಇವರ ಹೆಸರನ್ನೇ ಇಂದು ರಿಚ್ಮಂಡ್ ರಸ್ತೆಯು ಹೊತ್ತುಕೊಂಡಿದೆ. ಹಿಮದ ಮೇಲೆ ನಡೆಯಬಲ್ಲ, ಜಾರಬಲ್ಲ ಯೋಧರಿಲ್ಲದೆ ಉತ್ತರದ ಗಡಿಯನ್ನು ಕಾಯುವುದು ಅಸಾಧ್ಯವೆಂದು ಮನಗಂಡ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ಗುಲ್ಮರ್ಗದಲ್ಲಿ ತಮ್ಮ ಸೈನ್ಯವಿಭಾಗಕ್ಕೆಂದು ಸ್ಕೀ ಶಾಲೆಯೊಂದನ್ನು ತೆರೆದರು. ಆ ಚಿಕ್ಕ ಶಾಲೆಯೇ ಬೆಳೆದು 1962ರಲ್ಲಿ ಪರ್ವತಯುದ್ಧವನ್ನು ಕಲಿಸುವ ದೊಡ್ಡ ವಿದ್ಯಾಲಯವಾಯಿತು. ನಾಗರಿಕರಿಗೆ ಕಲಿಸುವ ಸಂಸ್ಥೆಯೂ ಅಲ್ಲಿಯೇ 1968ರಲ್ಲಿ ಹುಟ್ಟಿತು. ಹಿಮವನ್ನೇ ಕಾಣದ ನಾಡಿನವರು ಹಿಮದ ವಿದ್ಯೆಗೆ ಅಡಿಗಲ್ಲನ್ನಿಟ್ಟ ಈ ಕಥೆಯನ್ನು ಕೇಳಿದ ಮೇಲೆ ಗುಲ್ಮರ್ಗವನ್ನು ನೋಡದೆ ಇರುವುದು ಸರಿಯಲ್ಲವೆಂದು ನಮಗೆ ತೋರಿತು. ಆದಕಾರಣ 2025ರ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಹೊರಟೆವು.

ಶ್ರೀನಗರದವರೆಗೆ ವಿಮಾನ, ಅಲ್ಲಿಂದ ಮುಂದೆ ಸುಮಾರು 50 ಕಿಲೋಮೀಟರು ಮೋಟಾರಿನ ದಾರಿ. ತಂಗ್‌ಮರ್ಗವೆಂಬ ಊರಿನವರೆಗೆ ಗದ್ದೆ, ಸೇಬಿನ ತೋಟ, ಎಲೆಯುದುರಿದ ಮರಗಳ ಸಾಲು. ಅಲ್ಲಿಂದ ಏರು ಆರಂಭ. ಗಾಡಿಯವನು ಚಕ್ರಗಳಿಗೆ ಕಬ್ಬಿಣದ ಸರಪಳಿಯನ್ನು ಬಿಗಿದನು. ದೇವದಾರು ಮರಗಳ ನಡುವೆ ತಿರುವಿನ ಮೇಲೆ ತಿರುವನ್ನು ಹತ್ತಿ 2,650 ಮೀಟರು ಎತ್ತರದ ಬಯಲನ್ನು ತಲಪಿದಾಗ ಕಣ್ಣು ಕೋರೈಸಿತು. ಬೇಸಗೆಯಲ್ಲಿ ಹೂವಿನ ಹುಲ್ಲುಗಾವಲಾಗಿರುವ ಆ ಬಟ್ಟಲು ಆಗ ಒಂದೇ ಬಿಳುಪು. ಗಂಡಸರು, ಹೆಂಗಸರು ಎಲ್ಲರೂ ನಿಲುವಂಗಿಯೊಳಗೆ ಕಾಂಗ್ಡಿಯನ್ನು ಇಟ್ಟುಕೊಂಡು ಓಡಾಡುತ್ತಾರೆ. ನಮ್ಮ ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯನ್ನು ಚಿಕ್ಕದಾಗಿ ಮಾಡಿ, ಬೆತ್ತದ ಬುಟ್ಟಿಯಲ್ಲಿಟ್ಟು, ಮೈಗೆ ಕಟ್ಟಿಕೊಂಡಂತೆ! ಏಲಕ್ಕಿ, ದಾಲ್ಚಿನ್ನಿ ಹಾಕಿದ ಕಾಹ್ವಾ ಒಂದು ಬಟ್ಟಲು ಒಳಗಿಳಿದ ಮೇಲೆಯೇ ನಮ್ಮ ನಾಲಗೆಗೆ ಮಾತು ಬಂದಿತು.

ಹಿಮದ ಮೇಲೆ ಜಾರುವವರಲ್ಲಿ ಎರಡು ಪಂಗಡಗಳುಂಟು. ಎರಡು ಕಾಲಿಗೆ ಎರಡು ಪಟ್ಟಿಗಳನ್ನು ಕಟ್ಟಿಕೊಂಡು ಹೋಗುವವರು ಸ್ಕೀಯವರು. ಒಂದೇ ಹಲಗೆಯ ಮೇಲೆ ಎರಡು ಕಾಲನ್ನೂ ಊರಿ ನಿಲ್ಲುವವರು ಸ್ನೋಬೋರ್ಡಿನವರು. ಸ್ಕೀಯು ಪುರಾತನವಾದದ್ದು, ಹಲಗೆಯ ಆಟವು ಇತ್ತೀಚಿನದು, ಮತ್ತು ಅದರ ಹುಟ್ಟು ಒಂದು ಸಂಸಾರದ ಅಂಗಳದಲ್ಲಿ ಆದದ್ದು. 1965ರ ಕ್ರಿಸ್ಮಸ್ ದಿನ ಅಮೆರಿಕದ ಮಿಶಿಗನ್ ಪ್ರಾಂತದಲ್ಲಿ ಶೆರ್ಮನ್ ಪಾಪೆನ್ ಎಂಬ ಗೃಹಸ್ಥನು, ಮನೆಯೊಳಗೆ ಗಲಾಟೆ ಮಾಡುತ್ತಿದ್ದ ಹೆಣ್ಣುಮಕ್ಕಳನ್ನು ಸುಮ್ಮನಿರಿಸುವುದಕ್ಕಾಗಿ ಎರಡು ಸ್ಕೀಗಳನ್ನು ಜೋಡಿಸಿ ಒಂದು ಮಾಡಿ, ಹಿತ್ತಲ ದಿಬ್ಬದಿಂದ ಅವರನ್ನು ಜಾರಿಸಿದನು. ಹೆಂಡತಿಯು ಅದಕ್ಕೆ ‘ಸ್ನರ್ಫರ್’ ಎಂದು ಹೆಸರಿಟ್ಟಳು. ಮಕ್ಕಳ ಆಟಿಕೆಯು ಮೂವತ್ತಮೂರು ವರ್ಷಗಳಲ್ಲಿ, 1998ರ ನಾಗಾನೊ ಒಲಿಂಪಿಕ್ಸಿನ ಹೊತ್ತಿಗೆ, ಲೋಕದ ಪಂದ್ಯವಾಗಿಬಿಟ್ಟಿತು.

ಈ ಹಲಗೆಯವರಲ್ಲಿಯೂ ಮತ್ತೆ ಒಂದು ಒಳಪಂಗಡವಿದೆ. ನಾವು ಹೇಳಹೊರಟಿರುವುದು ಅವರ ವಿಷಯವನ್ನೇ. ಸಾಮಾನ್ಯರು ತೊಡುವುದು ಮೆತ್ತನೆಯ ಬೂಟು. ಅವರು ಹಲಗೆಗೆ ಹೆಚ್ಚುಕಡಿಮೆ ಅಡ್ಡಲಾಗಿ ಪಾದವನ್ನಿಡುತ್ತಾರೆ. ಈ ಒಳಪಂಗಡದವರು ತೊಡುವುದು ಹಾರ್ಡ್‌ಬೂಟ್, ಎಂದರೆ ಪಡಚಿಪ್ಪಿನಂತೆ ಗಡುಸಾದ, ಕೊಂಡಿಗಳಿಂದ ಬಿಗಿಯುವ ಬೂಟು. ಅದರ ತುದಿಯನ್ನೂ ಹಿಮ್ಮಡಿಯನ್ನೂ ಉಕ್ಕಿನ ಬಳೆಗಳು ಹಲಗೆಗೆ ಕಚ್ಚಿಹಿಡಿಯುತ್ತವೆ. ಹಲಗೆಯು ಉದ್ದವಾಗಿ, ಕಿರಿದಾಗಿ, ಬಿರುಸಾಗಿರುತ್ತದೆ. ನಡುವಿನಲ್ಲಿ ಗೇಣಿಗಿಂತಲೂ ಹೆಚ್ಚು ಅಗಲವಿರದು. ಅಷ್ಟು ಕಿರಿದಾದ ಹಲಗೆಯಿಂದ ಪಾದವು ಹೊರಚಾಚಿ ಹಿಮಕ್ಕೆ ತಗುಲಬಾರದೆಂದು ಎರಡು ಪಾದಗಳೂ 50, 60 ಡಿಗ್ರಿಗಳಷ್ಟು ಮುಂದಕ್ಕೆ ತಿರುಗಿರುತ್ತವೆ. ಕಾಲು ಒತ್ತಿದ ಒಂದು ಗುಂಜಿ ಭಾರವೂ ವ್ಯರ್ಥವಾಗದೆ ಅಂಚಿಗೆ ಸಲ್ಲುತ್ತದೆ. ಇವರ ಆಟಕ್ಕೆ ‘ಕಾರ್ವಿಂಗ್’ ಎಂದು ಹೆಸರು. ನಮ್ಮ ಶಿಲ್ಪಿಯ ಕೆತ್ತನೆಗೂ ಇಂಗ್ಲಿಷಿನಲ್ಲಿ ಅದೇ ಮಾತು. ಆ ಹೆಸರು ಏತಕ್ಕೆ ಬಂದಿತೆಂಬುದು ಕಣ್ಣಾರೆ ನೋಡಿದ ಮೇಲೆಯೇ ತಿಳಿಯುವುದು.

ಗುಲ್ಮರ್ಗದಲ್ಲಿ ಬಾಡಿಗೆಗೆ ದೊರೆಯುವುದು ಬಹುಮಟ್ಟಿಗೆ ಮೆತ್ತನೆಯ ಬೂಟೇ. ಗಡುಸು ಬೂಟು ಬೇಕೆಂಬವರು ತಮ್ಮದನ್ನು ತಾವೇ ಹೊತ್ತು ತರಬೇಕು. ಅಂಥವನೊಬ್ಬನು ನಮಗೆ ದೊರೆತದ್ದು ತೂಗುಗಾಡಿಯ ಸಾಲಿನಲ್ಲಿ ಕನ್ನಡವು ಕಿವಿಗೆ ಬಿದ್ದದ್ದರಿಂದ. ಇಂದಿರಾನಗರದ ತರುಣ, ಆಸ್ಟ್ರಿಯ ದೇಶದಲ್ಲಿ ಓದುವಾಗ ಈ ವಿದ್ಯೆಯನ್ನು ಕಲಿತನಂತೆ. ಮಗನು ಏನು ಮಾಡುತ್ತಾನೆಂದು ಒಮ್ಮೆ ನೋಡಿಯೇ ಬಿಡೋಣವೆಂದು ತಾಯಿಯೂ ಜೊತೆಗೆ ಬಂದಿದ್ದರು. ಉಣ್ಣೆಯ ಶಾಲಿನ ಮೇಲೆ ಇನ್ನೊಂದು ಶಾಲು, ಕೈಯಲ್ಲಿ ಚಕ್ಕುಲಿಯ ಡಬ್ಬಿ.

ಮೊದಲ ಹಂತದ ತೂಗುಗಾಡಿಯು 3,000 ಮೀಟರಿಗೂ ಮೇಲಿರುವ ಕಾಂಗ್‌ಡೂರಿಗೆ ಒಯ್ದು ಬಿಡುತ್ತದೆ. ಅಲ್ಲಿ ಯಂತ್ರವು ತುಳಿದು ಸಮಗೊಳಿಸಿದ ಇಳಿಜಾರೊಂದು ಬೆಳಗಿನ ಚಳಿಗೆ ಗಟ್ಟಿಯಾಗಿತ್ತು. ತರುಣನು ಹೊರಟನು. ಮೊದಲ ತಿರುವಿನಲ್ಲಿಯೇ ದೇಹವು ಬೆಟ್ಟದ ಕಡೆಗೆ ಎಷ್ಟು ವಾಲಿತೆಂದರೆ ಕೈಯು ಹಿಮವನ್ನು ಸವರಿತು. ತಾಯಿಯು “ಅಯ್ಯೋ, ಬಿದ್ದ!” ಎಂದು ಕೂಗಿಕೊಂಡರು. ಬೀಳಲಿಲ್ಲ, ಎದ್ದು, ಎದುರುಬದಿಗೆ ಅಷ್ಟೇ ವಾಲಿದನು. ಹೀಗೆ ಎಡಕ್ಕೆ, ಬಲಕ್ಕೆ ತೂಗುತ್ತಾ ಕೆಳಗಿಳಿದು ಹೋದ ಮೇಲೆ ನಾವು ಅವನ ಜಾಡನ್ನು ನೋಡಿದೆವು. ಬೇರೆಯವರು ಹೋದಲ್ಲೆಲ್ಲ ಹಿಮವು ಕೆರೆದುಹೋಗಿ, ಸಗಣಿ ಸಾರಿಸಿದ ಅಂಗಳದಂತೆ ಅಗಲವಾದ ಗುರುತುಗಳಿದ್ದವು. ಇವನು ಬಿಟ್ಟದ್ದು ದಾರದಷ್ಟು ಸಣ್ಣಗೆರೆ. ಅರ್ಧಚಂದ್ರದ ಮೇಲೆ ಅರ್ಧಚಂದ್ರವನ್ನು ಪೋಣಿಸಿದಂತೆ, ಎಲ್ಲಿಯೂ ಕದಡದೆ, ಉಳಿಯಿಂದ ಕೊರೆದ ಹಾಗಿತ್ತು.

ಅವನು ತಿರುಗಿ ಮೇಲಕ್ಕೆ ಬಂದಾಗ ತಾಯಿಯು, “ಏನೋ, ಅಷ್ಟು ವಾಲಿಬಿಟ್ಟರೆ ಬೀಳುವುದಿಲ್ಲವೇನೋ?” ಎಂದರು.

“ವಾಲದೆ ಹೋದರೇ ಬೀಳುವುದಮ್ಮ. ಹಲಸೂರು ಕೆರೆಯ ತಿರುವಿನಲ್ಲಿ ಸೈಕಲ್ಲು ಕಲಿಸುವಾಗ ಅಪ್ಪ ಹೇಳುತ್ತಿದ್ದದ್ದೂ ಇದೇ ಅಲ್ಲವೆ?” ಎಂದು ಅವನು ನಕ್ಕನು.

ತಾಯಿಯು ಮರುಮಾತಾಡದೆ ಡಬ್ಬಿಯ ಮುಚ್ಚಳವನ್ನು ತೆಗೆದರು.

ಇದರ ಮರ್ಮವು ಬಹು ಸರಳವಾದದ್ದು. ಹಲಗೆಯ ಎರಡು ಪಕ್ಕಗಳೂ ನೇರವಾಗಿರದೆ ನಡುವಿನಲ್ಲಿ ಸೊಂಟದಂತೆ ಒಳಸರಿದಿರುತ್ತವೆ. ಅಂಚಿಗೆ ಉಕ್ಕಿನ ಪಟ್ಟಿ. ಹಲಗೆಯನ್ನು ಓರೆಮಾಡಿ ಭಾರ ಹಾಕಿದಾಗ ಅದು ಬಿಲ್ಲಿನಂತೆ ಬಾಗುತ್ತದೆ, ಉಕ್ಕಿನ ಅಂಚು ಹಿಮವನ್ನು ಕಚ್ಚುತ್ತದೆ, ಆ ಬಾಗಿನ ದಾರಿಯಲ್ಲಿಯೇ ಹಲಗೆಯು ಹರಿಯುತ್ತದೆ. ಮುಂತುದಿಯು ಕೊರೆದ ಗೆರೆಯಲ್ಲಿಯೇ ಹಿಂತುದಿಯೂ ಹಾದುಹೋಗುವುದರಿಂದ ಹಿಮವು ಕದಡುವುದಿಲ್ಲ. ಹೆಚ್ಚು ಓರೆಮಾಡಿದಷ್ಟೂ ತಿರುವು ಚಿಕ್ಕದಾಗುತ್ತದೆ. ಇನ್ನು ವೇಗವನ್ನು ತಡೆಯುವುದು ಹೇಗೆ? ಹೊಸಬನು ಹೆದರಿ ಹಲಗೆಯನ್ನು ಅಡ್ಡಹಿಡಿದು ಉಜ್ಜುತ್ತಾನೆ. ಬಲ್ಲವನು ಉಜ್ಜುವುದಿಲ್ಲ, ತಿರುವನ್ನು ಪೂರ್ಣಗೊಳಿಸುತ್ತಾನೆ. ತಿರುವು ಮುಗಿಯುವ ಹೊತ್ತಿಗೆ ಹಲಗೆಯು ಬೆಟ್ಟಕ್ಕೆ ಅಡ್ಡವಾಗಿ, ಕೆಲವು ವೇಳೆ ತುಸು ಮೇಲ್ಮುಖವಾಗಿಯೂ, ತಿರುಗಿರುವುದರಿಂದ ವೇಗವು ತಾನಾಗಿಯೇ ಇಳಿಯುತ್ತದೆ. ಅರ್ಧಕ್ಕೆ ಬಿಟ್ಟ ತಿರುವೇ ಅಪಾಯಕ್ಕೆ ಕಾರಣ. ಈ ಮಾತನ್ನು ಕೇಳಿದಾಗ ಇದು ಹಿಮಕ್ಕೆ ಮಾತ್ರ ಸಲ್ಲುವ ನೀತಿಯಲ್ಲವೆಂದು ನಮಗೆ ತೋರಿತು.

ಒಲಿಂಪಿಕ್ಸಿನಲ್ಲಿ ಇಬ್ಬರು ಸರಿಸಾಲಾಗಿ ಕಂಬಗಳ ನಡುವೆ ಇಳಿಯುವ ಪಂದ್ಯದವರು ತೊಡುವುದೂ ಈ ಗಡುಸು ಬೂಟನ್ನೇ. 2018ರಲ್ಲಿ ಚೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಎಂಬ ಯುವತಿಯು ಸ್ಕೀಯಲ್ಲಿ ಒಂದು, ಹಲಗೆಯಲ್ಲಿ ಒಂದು, ಹೀಗೆ ಒಂದೇ ಕೂಟದಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದು ಲೋಕವನ್ನು ಬೆರಗುಗೊಳಿಸಿದಳು. ನಮ್ಮವರೂ ಹಿಂದುಳಿದಿಲ್ಲ. ಹಲಗೆಯಲ್ಲಲ್ಲದಿದ್ದರೂ ಬಯಲಿನ ದೂರದ ಸ್ಕೀ ಓಟದಲ್ಲಿ ಕೊಡಗಿನ ತೆಕ್ಕಡ ಭವಾನಿಯವರು 2025ರಲ್ಲಿ ಚಿಲಿ ದೇಶದಲ್ಲಿ ಕಂಚಿನ ಪದಕವನ್ನು ಪಡೆದರು. ತಿಮ್ಮಯ್ಯನವರ ನಾಡಿಗೆ ಇದು ತಕ್ಕುದೇ.

ಆದರೆ ಈ ಸಂತೋಷದ ನಡುವೆ ಒಂದು ಚಿಂತೆಯ ಮಾತನ್ನೂ ಹೇಳಬೇಕಾಗಿದೆ. 2024ರ ಜನವರಿಯಲ್ಲಿ ಗುಲ್ಮರ್ಗದ ಬಯಲು ಹಿಮವಿಲ್ಲದೆ ಕಂದುಬಣ್ಣಕ್ಕೆ ತಿರುಗಿ ನಿಂತಿತ್ತು. ಫೆಬ್ರವರಿಯ ಆರಂಭದಲ್ಲಿ ನಡೆಯಬೇಕಾಗಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಆ ತಿಂಗಳ 21ಕ್ಕೆ ಮುಂದೂಡಿದರು. ನಾವು ಹೋದ 2025ರಲ್ಲಿಯೂ ಅದೇ ಕಥೆ. ಫೆಬ್ರವರಿ 22ರ ಕೂಟವು ಹಿಮವನ್ನು ಕಾದು ಮಾರ್ಚ್ 9ಕ್ಕೆ ಹೋಯಿತು. ನಾವು ಕಂಡ ಬಿಳುಪೆಲ್ಲ ತಿಂಗಳ ಕೊನೆಯಲ್ಲಿ ತಡವಾಗಿ ಬಿದ್ದದ್ದು. ಜಾರುಬಂಡಿಯನ್ನು ಎಳೆದು ಹೊಟ್ಟೆಹೊರೆಯುವ ಮುದುಕನೊಬ್ಬನು, “ನಿಮಗೆ ಮಳೆ ಹೇಗೋ ನಮಗೆ ಹಿಮ ಹಾಗೆ. ಅದು ಬಾರದಿದ್ದರೆ ಒಲೆ ಉರಿಯುವುದಿಲ್ಲ” ಎಂದನು. ಬೇಸಗೆಯಲ್ಲಿ ಕಣಿವೆಯ ಗದ್ದೆ ತೋಟಗಳಿಗೆ ಹರಿಯುವ ನೀರೂ ಈ ಹಿಮವು ಕರಗಿದ್ದೇ. ಭೂಮಿಯು ಬಿಸಿಯಾಗುತ್ತ ಹೋದಂತೆ ಮೊದಲು ಬಡವಾಗುವುದು ಇಂಥ ಮಧ್ಯಮ ಎತ್ತರದ ಇಳಿಜಾರುಗಳು. ಕೆರೆಗಳನ್ನು ಕಳೆದುಕೊಂಡ ಮೇಲೆ ಅವುಗಳ ಬೆಲೆಯನ್ನು ತಿಳಿದ ಬೆಂಗಳೂರಿನವರಿಗೆ ಈ ದುಃಖವನ್ನು ವಿವರಿಸಬೇಕಾಗಿಲ್ಲ.

ಹೋಗಬಯಸುವ ಗೃಹಸ್ಥರಿಗೆ ಕೆಲವು ಸೂಚನೆಗಳು. ಎತ್ತರಕ್ಕೆ ಮೈಯು ಒಗ್ಗುವಂತೆ ಮೊದಲ ದಿನ ವಿಶ್ರಾಂತಿ ಮಾಡತಕ್ಕದ್ದು. ಹೃದಯದ ಬಾಧೆಯಿರುವವರು ವೈದ್ಯರನ್ನು ಕೇಳದೆ ಹೊರಡಕೂಡದು. ಕಲಿಯುವ ಮಕ್ಕಳಿಗೆ ಬಯಲಿನ ಅಂಚಿನ ಸಣ್ಣ ದಿಬ್ಬಗಳೇ ಸಾಕು, ಅದೂ ಶಿಕ್ಷಕನ ಜೊತೆಯಲ್ಲಿ. ತಲೆಗೆ ಶಿರಸ್ತ್ರಾಣ, ಕಣ್ಣಿಗೆ ಕಪ್ಪು ಕನ್ನಡಕ ಇವೆರಡನ್ನೂ ಬಿಡಕೂಡದು. ಮೊದಲು ಮೆತ್ತನೆಯ ಬೂಟಿನಲ್ಲಿ ಬಿದ್ದು ಏಳುವುದನ್ನು ಕಲಿತ ಮೇಲೆಯೇ ಗಡುಸು ಬೂಟಿನ ಯೋಚನೆ. ಎರಡನೆಯ ಹಂತದ ತೂಗುಗಾಡಿಯು ಅಫರ್ವಟ್ ಶಿಖರದ ಬಳಿ 3,900 ಮೀಟರಿಗೂ ಮೇಲಕ್ಕೆ ಒಯ್ಯುತ್ತದೆ, ನೋಟವು ದಿವ್ಯ. ಆದರೆ 2023ರ ಫೆಬ್ರವರಿ 1ರಂದು ಅಲ್ಲಿಯ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ನುರಿತ ಸ್ಕೀಗಾರರು ಪ್ರಾಣಬಿಟ್ಟರೆಂಬುದನ್ನು ಮರೆಯಬಾರದು. ಗುರುತುಹಾಕಿದ ಎಲ್ಲೆಯನ್ನು ದಾಟುವುದು ಶೌರ್ಯವಲ್ಲ.

ಒಂದು ಕಾಲದಲ್ಲಿ ಹಲಸೂರಿನ ಸ್ಯಾಪರುಗಳು ಯುದ್ಧಕ್ಕಾಗಿ ಹಿಮದ ನಾಡಿನಲ್ಲಿ ದಾರಿಯನ್ನು ಕಡಿದರು. ಇಂದು ಅದೇ ಪೇಟೆಯ ಸಂಸಾರಗಳು ವಿನೋದಕ್ಕಾಗಿ ಆ ನಾಡಿಗೆ ಹೋಗಬಹುದಾಗಿದೆ. ಕಾಲವು ಇಷ್ಟು ಒಳ್ಳೆಯ ತಿರುವನ್ನು ತೆಗೆದುಕೊಂಡದ್ದು ನಮ್ಮ ಪುಣ್ಯ. ಹಲಗೆಯವನು ಬೆಳಿಗ್ಗೆ ಕೊರೆದ ಗೆರೆಯು ಮಧ್ಯಾಹ್ನದ ಬಿಸಿಲಿಗೆ ಅಳಿಸಿಹೋಗುತ್ತದೆ. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಮಾರನೆಯ ದಿನ ಗೆರೆ ಕೊರೆಯಲು ಹಿಮವೊಂದು ಉಳಿದಿದ್ದರೆ ಸಾಕು.