ಕೇಂಬ್ರಿಜ್ಜಿನ ಕಾಫಿಪಾತ್ರೆ

ಇಂಗ್ಲೆಂಡಿನ ಕೇಂಬ್ರಿಜ್ ನಗರಕ್ಕೆ ಹೋದವರಿಗೆ ನೋಡತಕ್ಕ ವಸ್ತುಗಳ ಕೊರತೆಯಿಲ್ಲ. ಉದ್ದನೆಯ ಗಳುವೂರಿ ನಡೆಸುವ ಚಪ್ಪಟೆ ದೋಣಿಗಳ ಕ್ಯಾಮ್ ನದಿ, 1446ರಲ್ಲಿ ಕಟ್ಟಲಾರಂಭಿಸಿದ ಕಿಂಗ್ಸ್ ಕಾಲೇಜಿನ ಪ್ರಾರ್ಥನಾಮಂದಿರ, ನ್ಯೂಟನ್, ರಾಮಾನುಜನ್ ಮೊದಲಾದ ಮಹನೀಯರು ಓಡಾಡಿದ ಟ್ರಿನಿಟಿ ಕಾಲೇಜು—ಒಂದೊಂದೂ ಒಂದು ದಿನವನ್ನು ಬೇಡುತ್ತದೆ. ಆದರೆ 1990ರ ದಶಕದಲ್ಲಿ ಅಲ್ಲಿನ ಪ್ರವಾಸಿ ಮಾಹಿತಿ ಕಚೇರಿಗೆ ಬಂದ ಅಮೆರಿಕದ ಯಾತ್ರಿಕರಲ್ಲಿ ಕೆಲವರು ಒಂದು ಕಾಫಿಪಾತ್ರೆಯನ್ನು ನೋಡಲು ದಾರಿ ಕೇಳುತ್ತಿದ್ದರಂತೆ!

ಆ ಪಾತ್ರೆಯಿದ್ದುದು ಊರ ನಡುವಣ ನ್ಯೂ ಮ್ಯೂಸಿಯಮ್ಸ್ ಆವರಣದಲ್ಲಿ. ಹೆಸರಿನಲ್ಲಿ ಮಾತ್ರ ಹೊಸತಾದ ಈ ಆವರಣದ ಚರಿತ್ರೆ ಸಾಮಾನ್ಯವಾದುದಲ್ಲ. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದ್ದು ಇಲ್ಲಿನ ಕ್ಯಾವೆಂಡಿಷ್ ಪ್ರಯೋಗಶಾಲೆಯಲ್ಲಿ. 1949ರ ಮೇ 6ರಂದು ಮಾರಿಸ್ ವಿಲ್ಕ್ಸ್ ಅವರ ಬಳಗ ಕಟ್ಟಿದ 'ಎಡ್ಸಾಕ್' ಗಣಕಯಂತ್ರ ಮೊದಲ ಲೆಕ್ಕ ಮಾಡಿದ್ದೂ ಇಲ್ಲಿಯೇ. ಇಂಥ ಘನವಂತ ಮನೆಯಲ್ಲಿ ನಡೆದದ್ದು ನಮ್ಮ ಕಾಫಿಪಾತ್ರೆಯ ಪ್ರಸಂಗ.

1991ರಲ್ಲಿ ಇಲ್ಲಿನ ಗಣಕ ವಿಭಾಗದ ಒಂದು ಸಂಶೋಧಕರ ಗುಂಪಿಗೆ ಕಾಫಿಯಂತ್ರ ಒಂದೇ ಒಂದು. ಅದರ ಸ್ಥಾನ 'ಟ್ರೋಜನ್ ರೂಮ್' ಎಂಬ ಕೋಣೆಯ ಹೊರಗಿನ ಓಣಿ. ಆ ಕೋಣೆಯವರು ಪರಿಮಳ ಮೂಗಿಗೆ ಸೋಕಿದೊಡನೆ ಲೋಟ ಹಿಡಿದು ಧಾವಿಸುವರು. ಬೇರೆ ಅಂತಸ್ತುಗಳಲ್ಲಿದ್ದ ಬಡಪಾಯಿಗಳು ಮೆಟ್ಟಲು ಸವೆಸಿ ಬರುವ ವೇಳೆಗೆ ಪಾತ್ರೆ ಬರಿದು! ಡಿಕಾಕ್ಷನ್ ಮುಗಿದ ಮನೆಗೆ ಬಂದ ನೆಂಟನ ಮುಖವನ್ನು ಬಲ್ಲ ವಾಚಕರಿಗೆ ಈ ಸಂಕಟವನ್ನು ಬಣ್ಣಿಸಬೇಕಾಗಿಲ್ಲ.

ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಎಂಬಿಬ್ಬರು ಇದಕ್ಕೆ ಉಪಾಯ ಹೂಡಿದರು. ಪ್ರಯೋಗಶಾಲೆಯ ಕಬ್ಬಿಣದ ಸ್ಟ್ಯಾಂಡಿಗೆ ಒಂದು ಕ್ಯಾಮರಾ ಬಿಗಿದು ಪಾತ್ರೆಯ ಕಡೆಗೆ ತಿರುಗಿಸಿಟ್ಟರು. ತಂತಿಯನ್ನು ನೆಲದಡಿಯಲ್ಲಿ ಎಳೆದು ಗಣಕಕ್ಕೆ ಜೋಡಿಸಿದರು. ಅಡ್ಡಕ್ಕೆ 128, ಉದ್ದಕ್ಕೆ 128 ಚುಕ್ಕೆಗಳ ಬೂದುಬಣ್ಣದ ಪುಟ್ಟ ಚಿತ್ರ. ನಿಮಿಷಕ್ಕೆ ಸುಮಾರು ಮೂರು ಬಾರಿ ಬದಲಾವಣೆ. ಕಲಾದೃಷ್ಟಿಯಿಂದ ಅದಕ್ಕೆ ಯಾರೂ ಬಹುಮಾನ ಕೊಡಲಾರರು. ಆದರೆ ಮೆಟ್ಟಲಿಳಿಯಬೇಕೆ, ಬೇಡವೆ ಎಂಬುದನ್ನು ಅದು ಕೂತಲ್ಲಿಯೇ ತಿಳಿಸುತ್ತಿತ್ತು.

1993ರ ನವೆಂಬರಿನಲ್ಲಿ ಡೇನಿಯಲ್ ಗಾರ್ಡನ್, ಮಾರ್ಟಿನ್ ಜಾನ್ಸನ್ ಎಂಬವರು ಈ ಚಿತ್ರವನ್ನು ಅಂತರಜಾಲಕ್ಕೆ ಸೇರಿಸಿದರು. ಓಣಿಯ ಗುಟ್ಟು ಲೋಕವಾರ್ತೆಯಾಯಿತು. ಆ ಕಾಫಿಯ ಒಂದು ಗುಟುಕೂ ದಕ್ಕದ ಜನ ಖಂಡಾಂತರಗಳಿಂದ ಪಾತ್ರೆ ತುಂಬಿದೆಯೇ ಎಂದು ಇಣುಕಿದರು. ಹೀಗೆ ನೋಡಿದ ಸಲಗಳ ಲೆಕ್ಕ ಇಪ್ಪತ್ತು ಲಕ್ಷವನ್ನು ದಾಟಿತು. ತಮ್ಮಲ್ಲಿ ಹಗಲಾದಾಗ ಕೇಂಬ್ರಿಜ್ಜಿನಲ್ಲಿ ಕತ್ತಲೆ. ಆದುದರಿಂದ ರಾತ್ರಿ ದೀಪವನ್ನು ಆರಿಸದಿರಬೇಕೆಂದು ಜಪಾನಿನಿಂದ ವಿನಂತಿ ಬಂದಿತು!

ದೂರದ ಒಂದು ಮೂಲೆಯಲ್ಲಿ, ಆ ಗಳಿಗೆಯಲ್ಲಿಯೇ, ಯಾರೋ ಕಾಫಿ ಕಾಯಿಸುತ್ತಿದ್ದಾರೆಂಬ ನಂಬುಗೆಯೇ ಈ ಮಂಕು ಚಿತ್ರದ ಆಕರ್ಷಣೆಯಾಗಿದ್ದಿರಬೇಕು. ಹವ್ಯಾಸಿ ಛಾಯಾಗ್ರಾಹಕರು ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಬೆಲೆಯುಳ್ಳ ಮಸೂರವಿಲ್ಲದ, ಸುಂದರ ದೃಶ್ಯವಿಲ್ಲದ ಚಿತ್ರವನ್ನೂ ಕಾಣುವ ಕುತೂಹಲ ಸಾರ್ಥಕಗೊಳಿಸಬಲ್ಲದು.

2001ರಲ್ಲಿ ಗಣಕ ವಿಭಾಗ ಊರಿನ ಪಶ್ಚಿಮದ ಹೊಸ ಕಟ್ಟಡಕ್ಕೆ ಸಾಗಿತು. ಹಳೆಯ ನೆರೆಯನ್ನು ಬಿಡಲಾರದವರಂತೆ ಅದು ನೆಲೆಸಿದ ಬೀದಿಗೂ ಜೆ. ಜೆ. ಥಾಮ್ಸನ್ನರ ಹೆಸರೇ. ಕಾಫಿಯ ಕ್ಯಾಮರಾಕ್ಕೆ ಮಾತ್ರ ಅಲ್ಲಿ ಎಡೆಯಾಗಲಿಲ್ಲ. ಆಗಸ್ಟ್ 22ರಂದು ಅದು ಕಣ್ಣು ಮುಚ್ಚಿತು. ಹಲವು ಸಲ ಬದಲಾದ ಯಂತ್ರಗಳಲ್ಲಿ ಕಡೆಯದನ್ನು ಜರ್ಮನಿಯ 'ಡೆರ್ ಷ್ಪೀಗೆಲ್' ಪತ್ರಿಕೆಯ ಅಂತರಜಾಲ ವಿಭಾಗ ಹರಾಜಿನಲ್ಲಿ 3,350 ಪೌಂಡು ತೆತ್ತು ಕೊಂಡಿತು. 2015ರಲ್ಲಿ ಅದು ಎರವಲಾಗಿ ಪಾಡರ್‌ಬಾರ್ನ್ ನಗರದ ಹೈನ್ಜ್ ನಿಕ್ಸ್‌ಡಾರ್ಫ್ ವಸ್ತುಸಂಗ್ರಹಾಲಯವನ್ನು ಸೇರಿತು.

ಇಂದು ಬೀದಿ, ಅಂಗಡಿ, ಮನೆಬಾಗಿಲುಗಳಲ್ಲೆಲ್ಲ ಕ್ಯಾಮರಾಗಳು ಹಗಲಿರುಳು ಕಣ್ಣು ತೆರೆದು ನಿಂತಿವೆ. ಅವುಗಳಲ್ಲಿ ಬಹುಪಾಲು ಕಾಯುವುದು ಮನುಷ್ಯರ ಚಲನವಲನವನ್ನು, ಅದೂ ಅನುಮಾನದಿಂದ. ಅವುಗಳ ಹಿರಿಯಣ್ಣನಾದ ಕೇಂಬ್ರಿಜ್ಜಿನ ಕ್ಯಾಮರಾ ಯಾರನ್ನೂ ಸಂದೇಹಿಸಲಿಲ್ಲ. ದಣಿದವರಿಗೆ ಒಂದು ಲೋಟ ಕಾಫಿ ಉಳಿದಿದೆಯೇ ಎಂಬುದಷ್ಟೇ ಅದರ ಚಿಂತೆಯಾಗಿತ್ತು.