ಅಪ್ಪಯ್ಯನ ಗೆಳೆಯರನ್ನು ಹುಡುಕಿಕೊಂಡು

2021ರ ಮೇ ತಿಂಗಳಲ್ಲಿ ಅಪ್ಪಯ್ಯ ಕೋಟೇಶ್ವರದ ಮನೆಯಲ್ಲಿ ತೀರಿಕೊಂಡಾಗ ನಾನು ಟೊರಾಂಟೊದಲ್ಲಿದ್ದೆ. ವಿಮಾನಗಳು ನಿಂತುಹೋಗಿದ್ದ ಕಾಲ. ಚಿಕ್ಕಪ್ಪಯ್ಯನ ಮಗ ಹಿಡಿದ ಮೊಬೈಲಿನಲ್ಲಿ ಅಂತ್ಯಕ್ರಿಯೆ ನೋಡಿದೆ. ಅದಾದ ವಾರದೊಳಗೆ ಮುಂಬಯಿಯಿಂದ ಫೋನುಗಳು ಬರತೊಡಗಿದವು. ಡೊಂಬಿವಲಿ ಮಾಮ, ಘಾಟ್ಕೋಪರ್ ಮಾಮ, ಮಾಟುಂಗದ ಶೆಟ್ರು. ನಮ್ಮ ಮನೆಯಲ್ಲಿ ಅಪ್ಪಯ್ಯನ ಗೆಳೆಯರಿಗೆಲ್ಲ ಅವರವರು ಇಳಿಯುವ ಸ್ಟೇಷನ್ನೇ ಹೆಸರು. ಒಬ್ಬೊಬ್ಬರೂ ಅಪ್ಪಯ್ಯನ ಒಂದೊಂದು ಕತೆ ಶುರುಮಾಡುತ್ತಿದ್ದರು, ನಡುವೆ ಗಂಟಲು ಕಟ್ಟಿ ನಿಲ್ಲಿಸುತ್ತಿದ್ದರು. "ಬಾ ಮಗಾ, ಬಂದ್ರೆ ಕೂತ್ಕಂಡ್ ಹೇಳ್ತೆ" ಎಂದರು ಡೊಂಬಿವಲಿ ಮಾಮ.

ಉತ್ತರಕ್ರಿಯೆ, ವರ್ಷಾಂತ ಎಲ್ಲವನ್ನೂ ಚಿಕ್ಕಪ್ಪಯ್ಯ ಮಾಡಿ ಮುಗಿಸಿದ್ದರು. ಅಮ್ಮ ಅಪ್ಪಯ್ಯನಿಗಿಂತ ಮೊದಲೇ ಹೋಗಿದ್ದಳು. ನನ್ನ ಪಾಲಿಗೆ ಉಳಿದದ್ದು ಕೂತು ಕೇಳುವ ಕೆಲಸ. 2023ರ ಜನವರಿಯಲ್ಲಿ ಹೊರಟೆ. ಮೊದಲು ಮುಂಬಯಿಯಲ್ಲಿ ಗೆಳೆಯರು, ಆಮೇಲೆ ರೈಲಿನಲ್ಲಿ ಊರಿಗೆ ಎಂದು ಗೊತ್ತುಮಾಡಿಕೊಂಡಿದ್ದೆ.

ದಾದರಿನಲ್ಲಿ ಫಾಸ್ಟ್ ಲೋಕಲ್ ಹತ್ತಿದರೆ ಠಾಣೆ, ಮುಂಬ್ರಾ ದಾಟಿ ಡೊಂಬಿವಲಿ. ಚಿಕ್ಕಂದಿನಲ್ಲಿ ಇದೇ ದಾರಿಯಲ್ಲಿ ಅಪ್ಪಯ್ಯ ನನ್ನನ್ನು ಕಿಟಕಿ ಪಕ್ಕ ಕೂರಿಸಿ ಖಾಡಿಯ ನೀರು ತೋರಿಸುತ್ತಿದ್ದರು. ಮಾಮನಿಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನ್ ಮುಖ ಕಂಡ್ರೆ ಅಂವನ್ನೇ ಕಂಡಾಂಗ್ ಆತ್ತ್" ಎಂದರು. ಮಾಮಿ ಒಳಗಿನಿಂದ ಬೆಲ್ಲದ ತುಂಡು, ನೀರು ತಂದಿಟ್ಟರು. ಬೊಂಬಾಯಿಗೆ ಬಂದು ಎಷ್ಟು ವರ್ಷವಾದರೂ ಬಂದವರಿಗೆ ಬೆಲ್ಲ ನೀರು ಕೊಡುವುದನ್ನು ಅವರು ಬಿಟ್ಟಿಲ್ಲ.

ಅಪ್ಪಯ್ಯ ಊರು ಬಿಟ್ಟದ್ದು 1954ರಲ್ಲಿ, ಹದಿಮೂರನೇ ವಯಸ್ಸಿಗೆ. ಮನೆಯಲ್ಲಿ ಒಡೆಯರಿಂದ ಚಾಲಗೇಣಿಗೆ ಹಿಡಿದ ಗದ್ದೆ, ಎರಡು ವರ್ಷ ಸರಿಯಾಗಿ ಬೆಳೆ ಬಂದಿರಲಿಲ್ಲ. ಕುಂದಾಪುರದಿಂದ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬಸ್ಸು. ಅಲ್ಲಿಂದ ಬೀರೂರು, ಹುಬ್ಬಳ್ಳಿ, ಮೀರಜ್ ಹಾದು ಪುಣೆಯವರೆಗೆ ಮೀಟರ್ ಗೇಜ್ ರೈಲು, ಪುಣೆಯಲ್ಲಿ ಗಾಡಿ ಬದಲು. ಕರೆದುಕೊಂಡು ಬಂದವರು ಪರಿಚಯದ ಹೋಟೆಲಿನಲ್ಲಿ ಬಿಟ್ಟುಹೋದರು. ಅಪ್ಪಯ್ಯ ಊರಿನಿಂದ ಹೊರಟಾಗ ನಮ್ಮ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ಮೂರು ವರ್ಷ ಕಳೆದು ಮೊದಲ ಸಲ ಊರಿಗೆ ಹೋಗುವಷ್ಟರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಏಕೀಕರಣದ ಸಂಭ್ರಮವನ್ನು ಅವರು ಕಂಡದ್ದು ಹೋಟೆಲಿಗೆ ಬರುತ್ತಿದ್ದ ಹಳೇ ಪೇಪರಿನಲ್ಲಿ.

ಹೋಟೆಲ್ ಕೋಟೆ ಭಾಗದಲ್ಲಿ, ಆಫೀಸುಗಳ ನಡುವೆ. ಮೊದಲು ಕಪ್ಪು-ಬಶಿ ತೊಳೆಯುವುದು, ಆಮೇಲೆ ಟೇಬಲ್ ಒರೆಸುವುದು, ಅದಾದಮೇಲೆ ಸಪ್ಲಾಯರ್. ಗಲ್ಲೆಯ ಹತ್ತಿರ ಹೋಗಬೇಕಾದರೆ ಧಣಿಗಳ ನಂಬಿಕೆ ಬೇಕು, ಲೆಕ್ಕವೂ ಬರಬೇಕು. ರಾತ್ರಿ ಬಾಗಿಲು ಹಾಕಿದ ಮೇಲೆ ಟೇಬಲ್ಲುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು. ಐದು ಹುಡುಗರು. ಒಬ್ಬ ಬಂಟರವನು, ಒಬ್ಬ ಬಿಲ್ಲವ, ಒಬ್ಬ ಮೊಗವೀರ, ಒಬ್ಬ ಅಡುಗೆ ಭಟ್ಟರ ಅಳಿಯ, ಮತ್ತೆ ಅಪ್ಪಯ್ಯ. ಊರಿನಲ್ಲಿ ಒಂದು ಪಂಕ್ತಿಯಲ್ಲಿ ಕೂತು ಉಣ್ಣುವಂತಿರಲಿಲ್ಲ. ಇಲ್ಲಿ ಒಂದೇ ಚಾದರದೊಳಗೆ ಇಬ್ಬರು. ಉಡುಪಿ ಹೋಟೆಲುಗಳ ಬಗ್ಗೆ ಬರೆದವರೆಲ್ಲ ಕಪ್ಪು ತೊಳೆದು ಧಣಿಗಳಾದವರ ಸಾಹಸವನ್ನು ಬರೆದಿದ್ದಾರೆ. ಅದನ್ನು ಬರೆಯಬೇಕಾದ್ದೇ. ಆದರೆ ಕಪ್ಪು ತೊಳೆದು ಧಣಿಗಳಾಗದೆ ಉಳಿದವರೇ ಹೆಚ್ಚು, ಮತ್ತು ಆ ಟೇಬಲ್ಲುಗಳ ಮೇಲೆ ಹುಟ್ಟಿದ ಸ್ನೇಹ ನನ್ನ ಮಟ್ಟಿಗೆ ಯಾವ ಹೋಟೆಲಿನ ಏಳಿಗೆಗಿಂತಲೂ ದೊಡ್ಡದು.

ಓದಿನ ಕತೆಯನ್ನು ಮಾಮ ಬಹಳ ಹೊತ್ತು ಹೇಳಿದರು. ನಮ್ಮವರ ರಾತ್ರಿಶಾಲೆಗಳಿಗೆ ಮುಂಬಯಿಯಲ್ಲಿ ದೊಡ್ಡ ಚರಿತ್ರೆಯಿದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲೇ ರಾತ್ರಿಶಾಲೆ ತೆರೆದಿತ್ತು. ಆಮೇಲೆ ಇನ್ನೂ ಹಲವು ಬಂದವು. ಹಗಲೆಲ್ಲ ದುಡಿದ ಹುಡುಗರು ಸಂಜೆ ಕೈ ತೊಳೆದು ಬಂದು ಕನ್ನಡದಲ್ಲಿ ಪಾಠ ಕೇಳಿ ಎಸ್‌ಎಸ್‌ಸಿ ಪಾಸಾಗುತ್ತಿದ್ದರು. ಆದರೆ ಶಾಲೆ ಶುರುವಾಗುವುದು ಸಂಜೆ, ಹೋಟೆಲಿಗೆ ಗಿರಾಕಿ ನುಗ್ಗುವುದೂ ಸಂಜೆ. "ಒಂದ್ ದಿನಕ್ಕೆ ಇಬ್ರ್ ಮಾತ್ರ ಹೋಯ್ಕ್" ಎಂದು ಧಣಿಗಳು ಕಟ್ಟುನಿಟ್ಟು ಮಾಡಿದರು. ಐವರೂ ಸರದಿ ಹಾಕಿಕೊಂಡರು. ಇಬ್ಬರು ಶಾಲೆಗೆ ಹೋದರೆ ಉಳಿದ ಮೂವರು ಅವರ ಟೇಬಲ್ಲುಗಳನ್ನೂ ನೋಡಿಕೊಳ್ಳುವುದು. ಹೋದವರು ಬಂದಮೇಲೆ, ಹನ್ನೊಂದು ಗಂಟೆಗೆ, ಟೇಬಲ್ಲಿನ ಮೇಲೆ ಕೂತು ಆ ದಿನದ ಪಾಠವನ್ನು ಉಳಿದವರಿಗೆ ಹೇಳಿಕೊಡುವುದು. ನಿದ್ದೆ ತೂಗುವವನ ಕಣ್ಣಿಗೆ ನೀರು ಚಿಮುಕಿಸುವ ಕೆಲಸ ಅಪ್ಪಯ್ಯನದಂತೆ.

"ಲೆಕ್ಕ ನಂಗೆ ಕಲ್ಸದ್ದ್ ನಿನ್ನಪ್ಪಯ್ಯ. ಮಾಷ್ಟ್ರಲ್ಲ" ಎಂದರು ಮಾಮ. 1962ರಲ್ಲಿ ಅಪ್ಪಯ್ಯ ಎಸ್‌ಎಸ್‌ಸಿ ಮುಗಿಸಿದರು. ಮಾಮನೂ ಆ ವರ್ಷವೇ. ಮಿಕ್ಕ ಮೂವರಿಗೆ ಪೂರೈಸಲಾಗಲಿಲ್ಲ, ಅವರು ಹೋಟೆಲಿನಲ್ಲೇ ಮುಂದುವರಿದರು.

ಅಪ್ಪಯ್ಯ ಪರೇಲಿನ ಒಂದು ಬಟ್ಟೆ ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತರಾದರು. ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತು. ನಾನು ಹುಟ್ಟಿದ್ದು ಆ ಖೋಲಿಯ ಕಾಲದಲ್ಲಿ. ಅಷ್ಟರಲ್ಲಿ ಐವರೂ ಸೇರಿ ಒಂದು ಭಿಶಿ ಶುರುಮಾಡಿದ್ದರು. ತಿಂಗಳಿಗಿಷ್ಟು ಎಂದು ಎಲ್ಲರೂ ಹಾಕುವುದು, ಒಬ್ಬೊಬ್ಬರು ಒಂದೊಂದು ತಿಂಗಳು ಎತ್ತುವುದು. ಯಾರ ಮನೆಯಲ್ಲಿ ತಂಗಿಯ ಮದುವೆಯೋ, ಹೆರಿಗೆಯೋ, ಅವರಿಗೆ ಮೊದಲು.

ಮಾಮ ಕಪಾಟಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕ ತೆಗೆಸಿದರು. ಕೆಂಪು ಬಟ್ಟೆಯ ರಟ್ಟು, ಒಳಗೆ ಅಪ್ಪಯ್ಯನ ಓರೆ ಅಕ್ಷರ. 1982ರ ಪುಟಗಳನ್ನು ಬಿಡಿಸಿ ನನ್ನ ಮುಂದಿಟ್ಟರು. ಆ ವರ್ಷದ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳ್ತನದಲ್ಲಿ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ನನಗಾಗ ಒಂಬತ್ತು ವರ್ಷ. ಅಪ್ಪಯ್ಯ ಹಗಲು ಹೊತ್ತು ಮನೆಯಲ್ಲಿರುವುದು, ಅಮ್ಮ ಒಲೆಯ ಮುಂದೆ ಮಾತಿಲ್ಲದೆ ಕೂತಿರುವುದು, ಇಷ್ಟೇ ನನ್ನ ನೆನಪು. ನನ್ನ ಶಾಲೆಯ ಫೀಸು ಯಾವ ತಿಂಗಳೂ ತಪ್ಪಲಿಲ್ಲ. ಅದು ಎಲ್ಲಿಂದ ಬರುತ್ತಿತ್ತು ಎಂದು ಮಕ್ಕಳಿಗೆ ಯಾರೂ ಹೇಳಿರಲಿಲ್ಲ.

ಪುಸ್ತಕದಲ್ಲಿ ಅದು ಇತ್ತು. ಫೆಬ್ರವರಿಯಿಂದ ಮುಂದೆ ಅಪ್ಪಯ್ಯನ ಹೆಸರಿನ ಎದುರು 'ಬಾಕಿ', 'ಬಾಕಿ', 'ಬಾಕಿ'. ಅವರದೇ ಕೈಬರಹ. ಆದರೂ ಎತ್ತುವ ಸರದಿ ಬಂದಾಗ ಪೂರ್ತಿ ಮೊತ್ತ ಅವರಿಗೇ ಹೋಗಿದೆ. ಒಮ್ಮೆಯಲ್ಲ, ಮಾಟುಂಗದ ಶೆಟ್ರು ತಮ್ಮ ಸರದಿಯನ್ನೂ ಬಿಟ್ಟುಕೊಟ್ಟಿದ್ದಾರೆ. ಭಿಶಿಯ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ, ಹಾಕದವನಿಗೆ ಎತ್ತುವ ಹಕ್ಕಿಲ್ಲ. ಮುಷ್ಕರ ಮುಗಿಯಿತೆಂದು ಯಾರೂ ಸಾರಲಿಲ್ಲ, ಗಿರಣಿ ಮತ್ತೆ ಸರಿಯಾಗಿ ತೆರೆಯಲೂ ಇಲ್ಲ. ಅಪ್ಪಯ್ಯ, ಅಷ್ಟರಲ್ಲಿ ಸ್ವಂತ ಹೋಟೆಲ್ ನಡೆಸುತ್ತಿದ್ದ ಶೆಟ್ರಲ್ಲಿ ಲೆಕ್ಕ ಬರೆಯತೊಡಗಿದರು. 1984ರಿಂದ 'ಬಾಕಿ ಜಮೆ' ಎಂಬ ಸಾಲುಗಳು ಶುರುವಾಗುತ್ತವೆ, ಹತ್ತು, ಇಪ್ಪತ್ತು, ಹದಿನೈದು ರೂಪಾಯಿ ಹೀಗೆ. ಕೊನೆಯ ಸಾಲು 1989ರದು. ನಾನು ಆ ವರ್ಷ ಕಾಲೇಜು ಸೇರಿದ್ದೆ.

ಮರುದಿನ ಪರೇಲಿಗೆ ಹೋದೆ. ಅಪ್ಪಯ್ಯನ ಗಿರಣಿಯಿದ್ದ ಜಾಗದಲ್ಲಿ ಗಾಜಿನ ಕಟ್ಟಡಗಳು. ಇಟ್ಟಿಗೆಯ ಚಿಮಣಿಯೊಂದನ್ನು ಉಳಿಸಿಕೊಂಡು ಅದರ ಸುತ್ತ ಹುಲ್ಲು ಬೆಳೆಸಿದ್ದಾರೆ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಮಾಟುಂಗಕ್ಕೆ ನಡೆದೆ.

ಮಾಟುಂಗ ಇನ್ನೂ ನಮ್ಮದಾಗಿಯೇ ಇದೆ. ಹೂವಿನ ಅಂಗಡಿಗಳ ಸಾಲು, ಬಾಳೆಎಲೆ ಮಾರುವವರು, ಫಿಲ್ಟರ್ ಕಾಫಿಯ ಪರಿಮಳ. ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಶನ್ನಿನ ಮುಂದೆ ಹಾಯುವಾಗ ಮಳೆಗಾಲದ ಯಕ್ಷಗಾನಗಳು ನೆನಪಾದವು. ಊರಿನಲ್ಲಿ ಮೇಳಗಳಿಗೆ ರಜೆಯಿರುವ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬರುತ್ತಿದ್ದರು. ಹೋಟೆಲ್ ಮುಚ್ಚಿ ಬಂದ ಹುಡುಗರು ಕೊನೆಯ ಸಾಲಿನಲ್ಲಿ ನಿಂತುಕೊಂಡೇ ಆಟ ನೋಡುತ್ತಿದ್ದರು. ಮನೆಯಲ್ಲಿ ಗಟ್ಟಿಯಾಗಿ ಮಾತಾಡದ ಅಪ್ಪಯ್ಯ ಬಣ್ಣದ ವೇಷ ಬರುವಾಗ ಎದ್ದು ಕೂಗುತ್ತಿದ್ದರು.

ಶೆಟ್ರು ನನ್ನನ್ನು ಊಟಕ್ಕೆ ಕರೆದೊಯ್ದದ್ದು ತಮ್ಮ ಹೋಟೆಲಿಗಲ್ಲ. ಸ್ಟೇಷನ್ ಎದುರಿನ ಮಹಡಿಯ ಮೇಲಿರುವ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿಗೆ. ದೀಪಾವಳಿಯ ಮರುದಿನ ಐದೂ ಕುಟುಂಬಗಳು ಇಲ್ಲಿ ಸೇರಿ ಉಣ್ಣುವ ಪದ್ಧತಿಯಿತ್ತು. ಎಲೆಯ ಮುಂದೆ ಕೂತು ಸರದಿ ಬಿಟ್ಟುಕೊಟ್ಟ ವಿಷಯ ಕೇಳಿದೆ. ಅವರು ಸಾರು ಕಲಸುತ್ತಲೇ ಹೇಳಿದರು: "ಅದೆಂತದಾ ದೊಡ್ಡ ವಿಷ್ಯ? ನಾನ್ ಮಲೇರಿಯಾ ಬಂದ್ ಬಿದ್ದಾಗ ಇಪ್ಪತ್ತ್ ದಿನ ನನ್ನ್ ಟೇಬಲ್ ಒರ್ಸದ್ದ್ ಯಾರ್?" ಅಷ್ಟು ಹೇಳಿ ಮಜ್ಜಿಗೆ ಬಡಿಸಲು ಕರೆದರು. ಆ ಇಪ್ಪತ್ತು ದಿನದ ಸುದ್ದಿಯನ್ನು ಅಪ್ಪಯ್ಯ ನಮಗೆಂದೂ ಹೇಳಿದವರಲ್ಲ.

ಮಧ್ಯಾಹ್ನ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಟಿತು. ಪನ್ವೇಲಿನಲ್ಲಿ ವಡಾಪಾವ್, ಚಹಾ. ರೋಹಾ ದಾಟಿದರೆ ಕೊಂಕಣ ರೈಲ್ವೆ. ರತ್ನಾಗಿರಿಗೆ ಮೊದಲು ಬರುವ ಕರ್ಬುಡೆ ಸುರಂಗದ ಉದ್ದ ಆರೂವರೆ ಕಿಲೋಮೀಟರ್. ಕತ್ತಲಾಗಿತ್ತು, ಗಾಡಿಯ ಸದ್ದು ಬದಲಾದದ್ದರಿಂದಷ್ಟೇ ಒಳಹೊಕ್ಕದ್ದು ತಿಳಿಯಿತು. ಈ ದಾರಿ ಪೂರ್ತಿ ತೆರೆದದ್ದು 1998ರಲ್ಲಿ. ಅಪ್ಪಯ್ಯ ಅದಕ್ಕಾಗಿ ಕಾದಷ್ಟು ನನ್ನ ವೀಸಾಗೂ ನಾನು ಕಾದಿರಲಿಲ್ಲ. ಐವರಿಗೂ ಜಾರ್ಜ್ ಫರ್ನಾಂಡಿಸರೆಂದರೆ ಮನೆಯವರಷ್ಟೇ ಅಭಿಮಾನ. ಮಂಗಳೂರಿನಿಂದ ಬರಿಗೈಯಲ್ಲಿ ಬೊಂಬಾಯಿಗೆ ಬಂದು ಹೋಟೆಲ್ ಕೆಲಸಗಾರರನ್ನು, ಟ್ಯಾಕ್ಸಿಯವರನ್ನು ಸಂಘಟಿಸಿದವರು. 1967ರಲ್ಲಿ ಅವರು ದಕ್ಷಿಣ ಬೊಂಬಾಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಚುನಾವಣೆಯಲ್ಲಿ ಈ ಐವರು ಗೋಡೆಗೆ ಭಿತ್ತಿಪತ್ರ ಅಂಟಿಸಿದ್ದರಂತೆ. ಅವರೇ ರೈಲ್ವೆ ಮಂತ್ರಿಯಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಮೂರು ದಿನದ ದಾರಿ ಒಂದು ರಾತ್ರಿಗಿಳಿಯಿತು. ಬೊಂಬಾಯಿಯಲ್ಲಿ ಮುದುಕರಾದ ಎಷ್ಟೋ ಜನ ಊರಿಗೆ ಮರಳುವ ಧೈರ್ಯ ಮಾಡಿದ್ದು ಈ ರೈಲಿನಿಂದ. ಅಪ್ಪಯ್ಯನೂ ಅವರಲ್ಲೊಬ್ಬರು.

ಬೆಳಗಿನ ಜಾವ ಹೊನ್ನಾವರದಲ್ಲಿ ಶರಾವತಿ. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ. ಎದುರು ಸೀಟಿನ ಅಜ್ಜಿ ಎದ್ದು ಕೂತು ಹೊಳೆಗೆ ಕೈಮುಗಿದು ಒಂದು ನಾಣ್ಯ ಹಾಕಿದರು. ಭಟ್ಕಳ, ಬೈಂದೂರು ದಾಟಿ ಬೆಳಕು ಹರಿಯುವ ಹೊತ್ತಿಗೆ ಕುಂದಾಪುರ.

ಕೋಟೇಶ್ವರದಲ್ಲಿ ಕೊಡಿ ಹಬ್ಬ ಮುಗಿದಿತ್ತು. ಭತ್ತದ ಕೊಯ್ಲಾದ ಗದ್ದೆಗಳಲ್ಲಿ ಉದ್ದು, ನೆಲಗಡಲೆ ಹಸುರಾಗಿ ನಿಂತಿದ್ದವು. ಚಿಕ್ಕಪ್ಪಯ್ಯ ಅಂಗಳದಲ್ಲೇ ಕಾದಿದ್ದರು. ಅಪ್ಪಯ್ಯನ ಹಾಗೆಯೇ ಕಡಿಮೆ ಮಾತು. ಊಟದ ಮೇಲೆ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಒಳಗೆ ತಂತಿಗೆ ಪೋಣಿಸಿದ ಮನಿಯಾರ್ಡರ್ ಕೂಪನ್ನುಗಳು, 1955ರಿಂದ ಹಿಡಿದು. ಕೂಪನ್ನಿನಲ್ಲಿ ನಾಲ್ಕು ಸಾಲಿಗೆ ಮಾತ್ರ ಜಾಗ. 'ಅಮ್ಮನ ಔಷಧಿಗೆ.' 'ಬಾವಿಗೆ.' 'ತಮ್ಮನಿಗೆ ಪುಸ್ತಕ ತೆಗೆಸುವುದು, ಗದ್ದೆಗೆ ಕಳಿಸಬಾರದು.' ಆ ತಮ್ಮ ನನ್ನ ಮುಂದೆ ಕೂತಿದ್ದರು, ಪ್ರಾಥಮಿಕ ಶಾಲೆಯ ಹೆಡ್ ಮಾಸ್ತರರಾಗಿ ನಿವೃತ್ತರಾದವರು.

ಪೆಟ್ಟಿಗೆಯ ತಳದಲ್ಲಿ ಭೂನ್ಯಾಯ ಮಂಡಳಿಯ ಕಾಗದಗಳು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದು, ಉಳುವ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಡಬೇಕೆಂದಾಗ ನಮ್ಮ ಕೇರಿಯಲ್ಲಿ ಹೆದರಿಕೆಯೇ ಹೆಚ್ಚಿತ್ತು. ಒಡೆಯರ ಮುಖ ನೋಡಿ ಬದುಕಿದವರು, ಅವರ ವಿರುದ್ಧ ಕಾಗದ ಹಾಕುವುದು ಹೇಗೆ? ಅಪ್ಪಯ್ಯ ಗಿರಣಿಗೆ ರಜೆ ಹಾಕಿ ಬಂದರಂತೆ. ಇದೇ ಜಗಲಿಯಲ್ಲಿ ಲಾಟೀನು ಇಟ್ಟುಕೊಂಡು ಮನೆಯ ಅರ್ಜಿಯನ್ನೂ, ನೆರೆಹೊರೆಯವರದನ್ನೂ ತಾವೇ ತುಂಬಿದರು. ಓದಿಹೇಳಿ, ಹೆಬ್ಬೆಟ್ಟು ಒತ್ತಿಸಿ, ತಾಲೂಕು ಕಚೇರಿಗೆ ನಡೆದರು. ರಾತ್ರಿಶಾಲೆಯ ಅಕ್ಷರ ಬಂದು ಮುಟ್ಟಿದ್ದು ಇಲ್ಲಿಗೆ. ಸಂಜೆ ಆ ಮನೆಗಳಿಗೆ ಚಿಕ್ಕಪ್ಪಯ್ಯ ನನ್ನನ್ನು ಕರೆದೊಯ್ದರು. ಒಂದು ಮನೆಯ ದೊಡ್ಡಮ್ಮ ನನ್ನ ತಲೆ ಸವರಿ, "ಈ ಗದ್ದಿ ನಿನ್ನಪ್ಪಯ್ಯ ಬರ್ದ್ ಕೊಟ್ಟದ್ದ್ ಮಗಾ" ಎಂದರು.

ನಾನು ಅಪ್ಪಯ್ಯನ ಮಗಳಾಗಿ ಕಂಡದ್ದು ಚಾಳಿನ ಖೋಲಿಯ ಮನುಷ್ಯನನ್ನು, ಲೆಕ್ಕ ಹಾಕಿ ಖರ್ಚು ಮಾಡುವವರನ್ನು, ಮಾತು ಕಡಿಮೆಯವರನ್ನು. ಆ ಲೆಕ್ಕ ಯಾರ ಸಾಲಕ್ಕೆ, ಯಾರ ಪುಸ್ತಕಕ್ಕೆ ಎಂದು ಬಲ್ಲವರು ಡೊಂಬಿವಲಿಯಲ್ಲಿ, ಮಾಟುಂಗದಲ್ಲಿ, ಈ ಗದ್ದೆಯಂಚಿನ ಮನೆಗಳಲ್ಲಿದ್ದರು. ಐವರಲ್ಲಿ ಈಗ ಉಳಿದವರು ಮೂವರು. ಘಾಟ್ಕೋಪರ್ ಮಾಮನಿಗೆ ಹೆಸರುಗಳು ಮರೆಯತೊಡಗಿವೆ. ನಾನು ಹೋದಾಗ ಅವರು ಗುರುತು ಹಿಡಿದದ್ದು ಅಪ್ಪಯ್ಯನ ಫೋಟೊವನ್ನು ಮಾತ್ರ.

ಊರುಬಿಟ್ಟು ದುಡಿದ ಅಪ್ಪ, ಅಜ್ಜ, ಮಾವ ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅವರು ಹೋಗಿದ್ದರೂ ಜೊತೆಗೆ ಮಲಗಿ, ಉಂಡು, ಓದಿದವರು ಎಲ್ಲೋ ಒಂದು ಕಡೆ ಇದ್ದಾರು. ದಯವಿಟ್ಟು ಈ ವರ್ಷವೇ ಅವರಲ್ಲಿಗೆ ಹೋಗಿ. ಫೋನಿನಲ್ಲಿ ಬೇಡ, ಎದುರು ಕೂತು ಕೇಳಿ, ಬರೆದುಕೊಳ್ಳಿ.