ಹೆಗಲಿನಿಂದ ಇಳಿವ ತೋಳು

ಕೈಗೆಲಸದ ತರಗತಿಯಲ್ಲಿ ಹುಡುಗಿಯರ ಕಣ್ಣೀರು ಹೆಚ್ಚಾಗಿ ಬೀಳುತ್ತಿದ್ದುದು ಸ್ವೆಟರಿಗೆ ತೋಳು ಕೂಡಿಸುವ ವೇಳೆಯಲ್ಲಿ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಎದೆ, ಬೆನ್ನು, ತೋಳುಗಳನ್ನು ಬೇರೆಬೇರೆಯಾಗಿ ಹೆಣೆದು ಕಡೆಗೆ ಹೊಲಿಯುವುದೇ ನಾವು ಕಲಿತ, ಕಲಿಸಿದ ಪದ್ಧತಿ. ತೋಳಿನ ತಲೆ ಕಂಡಿಗಿಂತ ದೊಡ್ಡದಾದರೆ ನೆರಿಗೆ ಬೀಳುವುದು. ಚಿಕ್ಕದಾದರೆ ಕಂಕುಳು ಬಿಗಿಯುವುದು. ನಾವು ಈ ವೃತ್ತಿಗೆ ಹೊಸಬರಾಗಿದ್ದಾಗ ಒಬ್ಬ ಹುಡುಗಿಯಿಂದ ಒಂದೇ ತೋಳನ್ನು ಮೂರು ಸಲ ಬಿಚ್ಚಿಸಿದೆವು. ಆಮೇಲೆ ಅವಳು ಕಡ್ಡಿಗಳನ್ನು ನಮ್ಮ ಮೇಜಿನ ಮೇಲಿಟ್ಟು ಮೌನವಾಗಿ ಹೊರಟುಹೋದಳು. ಅದನ್ನು ನಾವು ಅವಿಧೇಯತೆಯೆಂದು ಎಣಿಸಿದೆವು.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಅವಳೇ ತನ್ನ ಮಗಳೊಡನೆ ನಮ್ಮನ್ನು ಕಾಣಲು ಬಂದಳು. ಮಗು ತೊಟ್ಟಿದ್ದ ಸ್ವೆಟರಿನ ತೋಳು ಹೆಗಲಿಗೆ ಒಪ್ಪಿ ಕುಳಿತಿತ್ತು. “ಇದನ್ನು ಹೊಲಿಯಲಿಲ್ಲ, ಟೀಚರ್, ಹೆಗಲಿನಿಂದ ಕೆಳಕ್ಕೆ ಹೆಣೆದೆ” ಎಂದಳು. ಅಮೆರಿಕದ ಬಾರ್ಬರಾ ವಾಕರ್ ಎಂಬವರು ೧೯೭೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೀಗೆ ಮೇಲಿನಿಂದ ಹೆಣೆಯುವ ಕ್ರಮವನ್ನು ವಿವರಿಸಿದ್ದಾರೆ.

ಎದೆ ಬೆನ್ನುಗಳನ್ನು ಹೆಗಲಿನಲ್ಲಿಯೂ ಪಕ್ಕಗಳಲ್ಲಿಯೂ ಕೂಡಿಸಿದ ಮೇಲೆ, ಕಂಡಿಯ ಅಂಚಿನ ಸುತ್ತಲೂ ಕುಣಿಕೆಗಳನ್ನು ಕಡ್ಡಿಗೆ ಎತ್ತಿಕೊಳ್ಳಬೇಕು. ಅವು ೭೨ ಇದ್ದರೆ, ಹೆಗಲಿನ ನೆತ್ತಿಯ ೨೪ನ್ನು ಮಾತ್ರ ಹೆಣೆದು ಹಿಂದಿರುಗಬೇಕು. ಅನಂತರ ಪ್ರತಿ ಸಾಲಿನ ಕೊನೆಯಲ್ಲಿಯೂ ಒಂದೊಂದು ಕುಣಿಕೆಯನ್ನು ಹೆಚ್ಚಾಗಿ ಸೇರಿಸಿಕೊಳ್ಳುತ್ತ ಹೋಗಬೇಕು. ತಿರುಗುವಾಗ ಮುಂದಿನ ಕುಣಿಕೆಗೆ ನೂಲನ್ನು ಒಮ್ಮೆ ಸುತ್ತಿ, ಮರುಸಲ ಆ ಸುತ್ತನ್ನೂ ಕುಣಿಕೆಯೊಡನೆ ಹೆಣೆದರೆ ತೂತು ಬೀಳದು. ನೆತ್ತಿಯಲ್ಲಿ ಸಾಲುಗಳು ಹೆಚ್ಚು, ಕಂಕುಳ ಕಡೆಗೆ ಕಡಮೆ. ಆದಕಾರಣ ತೋಳಿನ ತಲೆ ತಾನಾಗಿ ದುಂಡಗಾಗುತ್ತದೆ. ಕಂಕುಳ ಅಡಿಯ ಕೆಲವೇ ಕುಣಿಕೆಗಳು ಉಳಿದಾಗ ಎಲ್ಲವನ್ನೂ ಸುತ್ತಾಗಿ ಹೆಣೆದು, ಕ್ರಮವಾಗಿ ಕಡಮೆ ಮಾಡುತ್ತ ಮಣಿಕಟ್ಟಿಗೆ ಇಳಿಯಬೇಕು. ನಡುನಡುವೆ ತೊಡಿಸಿ ಉದ್ದವನ್ನು ನೋಡಬಹುದು.

“ಮುಂದಿನ ವರ್ಷ ಮಣಿಕಟ್ಟನ್ನು ಬಿಚ್ಚಿ ಎರಡು ಅಂಗುಲ ಹೆಣೆದರಾಯಿತು, ಮಕ್ಕಳು ಬೆಳೆಯುತ್ತಾರಲ್ಲವೇ, ಟೀಚರ್?” ಎಂದು ಅವಳು ನಕ್ಕಳು. ಹೊಸ ಉಣ್ಣೆಯನ್ನು ಕೊಳ್ಳಲಾರದ ಎಷ್ಟೋ ತಾಯಂದಿರಿಗೆ ಇದು ಸಣ್ಣ ಉಪಕಾರವಲ್ಲ.

ಅಂದು ಅವಳ ಕೈಯಲ್ಲಿ ಕುಂದಿರಲಿಲ್ಲ. ನಮಗೆ ತಿಳಿದ ದಾರಿ ಒಂದೇ ಆಗಿತ್ತು. ಹಾಗೆಂದು ಒಪ್ಪಿಕೊಂಡು ಅವಳ ಕ್ಷಮೆ ಬೇಡಿದೆವು. ಆಕೆ ನಮ್ಮ ಪಕ್ಕದಲ್ಲಿ ಕುಳಿತು ಮೊದಲ ಮೂರು ಸಾಲುಗಳನ್ನು ನಮ್ಮ ಕೈಯಿಂದಲೇ ಹೆಣೆಯಿಸಿದಳು. ಈ ವರ್ಷದಿಂದ ನಮ್ಮ ಹುಡುಗಿಯರು ಎರಡು ಕ್ರಮಗಳನ್ನೂ ಕಲಿಯುತ್ತಿದ್ದಾರೆ. ಅರ್ಧಕ್ಕೆ ನಿಂತ ಸ್ವೆಟರುಗಳು ನಿಮ್ಮ ಪೆಟ್ಟಿಗೆಗಳಲ್ಲಿ ಇನ್ನೂ ಇದ್ದರೆ, ದಯವಿಟ್ಟು ಹೊರಗೆ ತೆಗೆಯಿರಿ.